ಗುಡಿಸಲು ಬಂದ ಕೋಡ್ ಅಳಿಸಿದ್ದೇನು?

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ 1809ನೇ ಆವೃತ್ತಿಯನ್ನು ಬಿಡುಗಡೆ ಮಾಡಿತು. ವಾರ ತುಂಬುವ ಮೊದಲೇ ಅದನ್ನು ತಡೆಹಿಡಿಯಿತು. ಅಪ್‌ಡೇಟ್ ಹಾಕಿಕೊಂಡ ಕೆಲವರ ಕಂಪ್ಯೂಟರ್‌ಗಳಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳ ಫೈಲ್‌ಗಳು ಕಾಣೆಯಾಗಿದ್ದವು. ಕಂಪ್ಯೂಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ಕಂಪನಿಯ ವಿವರಣೆ, ಡೆವಲಪರ್‌ಗಳಿಗೆಂದು ಬರೆದ ಕೈಪಿಡಿ, ಬಳಕೆದಾರರ ದೂರು ಇವನ್ನೆಲ್ಲ ಅಕ್ಕಪಕ್ಕ ಇಟ್ಟು ಓದಲು ಕೂತಾಗ ನನಗಿದ್ದ ಪ್ರಶ್ನೆ ಇಷ್ಟೇ: ಅಳಿಸಿದ್ದು ಯಾರು, ಅಳಿಸು ಎಂದು ಹೇಳಿದ್ದು ಯಾರು?

ಮೊದಲ ಸುಳಿವು ಸಿಕ್ಕಿದ್ದು ಕಂಪನಿಯೇ ಕೊಟ್ಟ ಲೆಕ್ಕದಲ್ಲಿ. ಫೈಲ್ ಕಳೆದುಕೊಂಡ ವರದಿಗಳು ಶೇಕಡಾ 0.01, ಅಂದರೆ 1809 ಹಾಕಿಕೊಂಡ ಹತ್ತು ಸಾವಿರ ಕಂಪ್ಯೂಟರ್‌ಗಳಲ್ಲಿ ಒಂದು. ಡಿಸ್ಕ್ ಕೆಟ್ಟಿದ್ದರೆ ಫೋಲ್ಡರ್ ನೋಡಿಕೊಂಡು ಕೆಡುವುದಿಲ್ಲ. ಅಪ್‌ಡೇಟ್ ಅರ್ಧಕ್ಕೇ ನಿಂತಿದ್ದರೆ ವಿಂಡೋಸ್ ಏಳದಿರಬಹುದಿತ್ತು, ಇಲ್ಲವೇ ಹಳೆಯ ಆವೃತ್ತಿಗೇ ಮರಳಬಹುದಿತ್ತು. ಹತ್ತು ಸಾವಿರಕ್ಕೊಬ್ಬರನ್ನು ಹುಡುಕಿ ಹಿಡಿಯುವ ದೋಷವಾದರೆ ಆ ಒಬ್ಬೊಬ್ಬರೂ ಮಾಡಿಕೊಂಡಿದ್ದ ಏರ್ಪಾಡಿನಲ್ಲಿ ಏನೋ ಒಂದು ಸಮಾನವಾಗಿರಬೇಕು.

ಆ ಏರ್ಪಾಡು ನಮಗೂ ಹೊಸದಲ್ಲ. ಸಿ ಡ್ರೈವ್ ತುಂಬಿದಾಗ ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವ್‌ಗೆ ಸಾಗಿಸುವುದು ನಮ್ಮ ಡಿಟಿಪಿ ಅಂಗಡಿಗಳಿಗೂ ಗೊತ್ತಿರುವ ಉಪಾಯ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬ ಟ್ಯಾಬ್ ತೆರೆದು ಹೊಸ ಜಾಗ ತೋರಿಸಿದರೆ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಹಳೆಯ ಜಾಗದ ಫೈಲ್‌ಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಲೇ? ‘ಯೆಸ್’ ಎಂದರೆ ಎಲ್ಲವೂ ಹೋಗುತ್ತವೆ. ‘ನೋ’ ಎಂದರೆ ವಿಳಾಸ ಮಾತ್ರ ಬದಲಾಗುತ್ತದೆ. ಹಳೆಯ ಫೈಲ್‌ಗಳು ಸಿ ಡ್ರೈವ್‌ನಲ್ಲೇ ಉಳಿಯುತ್ತವೆ.

ಈ ವಿಳಾಸ ದಾಖಲಾಗುವುದು ರಿಜಿಸ್ಟ್ರಿಯಲ್ಲಿ, ‘ಯೂಸರ್ ಶೆಲ್ ಫೋಲ್ಡರ್ಸ್’ ಎಂಬ ಕೀಯಲ್ಲಿ. ಅಲ್ಲಿ ಡಾಕ್ಯುಮೆಂಟ್ಸ್ ಹೆಸರು ಹುಡುಕಿದರೆ ಸಿಗುವುದಿಲ್ಲ. ಹಳೆಯ ಕಾಲದ ‘ಪರ್ಸನಲ್’ ಎಂಬ ಹೆಸರಲ್ಲೇ ಅದು ಕೂತಿದೆ. ಅದರ ಎದುರಿಗೆ ಇರುವುದು ಒಂದೇ ವಿಳಾಸ, ಈಗಿನದು. ಹಿಂದೆ ಫೋಲ್ಡರ್ ಎಲ್ಲಿತ್ತು, ಅಲ್ಲಿ ಏನಾದರೂ ಉಳಿದಿದೆಯೇ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಮನೆ ಬದಲಿಸಿದವರ ಹೊಸ ವಿಳಾಸ ಬರೆದುಕೊಂಡ ಅಂಚೆಯವನಿಗೆ ಹಳೆಯ ಮನೆಯ ಅಟ್ಟದ ಮೇಲಿನ ಟ್ರಂಕಿನ ಸುದ್ದಿ ಗೊತ್ತಿರದ ಹಾಗೆ.

ಉತ್ತರ ಸಿಕ್ಕಿದ್ದು ಅಕ್ಟೋಬರ್ 9ರ ಟಿಪ್ಪಣಿಯಲ್ಲಿ. ಬರೆದವರು ವಿಂಡೋಸ್ ಅಪ್‌ಡೇಟ್‌ಗಳ ಹೊಣೆ ಹೊತ್ತಿದ್ದ ಜಾನ್ ಕೇಬಲ್. ಕಥೆ ಶುರುವಾಗುವುದು ಹಿಂದಿನ ಆವೃತ್ತಿಯಿಂದ. 2018ರ ಏಪ್ರಿಲ್ ಅಪ್‌ಡೇಟ್ ಆದ ಮೇಲೆ, ಫೋಲ್ಡರ್ ಸಾಗಿಸಿಕೊಂಡಿದ್ದವರ ಕಂಪ್ಯೂಟರ್‌ನಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್‌ಗಳು ಇನ್ನೊಂದು ಪ್ರತಿಯಾಗಿ ಕಾಣಿಸಿಕೊಂಡವು. ಜನ ದೂರಿದರು. ಕಂಪನಿ ದೂರಿಗೆ ಕಿವಿಗೊಟ್ಟು, ಆ ಖಾಲಿ ಪ್ರತಿಗಳನ್ನು ಗುಡಿಸಿಹಾಕುವ ಕೋಡನ್ನು ಅಕ್ಟೋಬರ್ ಅಪ್‌ಡೇಟ್‌ಗೆ ಸೇರಿಸಿತು. ಅಪ್‌ಡೇಟ್ ನಡೆಯುವ ಕ್ರಮದಲ್ಲಿ ಮಾಡಿದ ಇನ್ನೊಂದು ಬದಲಾವಣೆಯೂ ಇದಕ್ಕೆ ಕೂಡಿಕೊಂಡಿತು. ಪರಿಣಾಮ, ಹಳೆಯ ಜಾಗದ ಫೋಲ್ಡರ್ ಒಳಗಿದ್ದ ಫೈಲ್‌ಗಳ ಸಮೇತ ಅಳಿಸಿಹೋಯಿತು. ಫೋಲ್ಡರನ್ನು ಕೈಯಾರೆ ಸಾಗಿಸಿ ಹಳೆಯ ಫೈಲ್‌ಗಳನ್ನು ಅಲ್ಲೇ ಬಿಟ್ಟವರು ಇದಕ್ಕೆ ಸಿಕ್ಕಿಬಿದ್ದರು. ಫೋಲ್ಡರ್‌ಗಳನ್ನು ಒನ್‌ಡ್ರೈವ್‌ಗೆ ತಿರುಗಿಸಿಕೊಂಡಿದ್ದ ಕೆಲವರೂ ಸಿಕ್ಕಿಬಿದ್ದರು. ಒನ್‌ಡ್ರೈವ್‌ನ ಹಳೆಯ ಆವೃತ್ತಿ ವಿಳಾಸ ಬದಲಿಸುತ್ತಿತ್ತೇ ಹೊರತು ಇದ್ದ ಫೈಲ್‌ಗಳನ್ನು ಸಾಗಿಸುತ್ತಿರಲಿಲ್ಲ. ಅವರು ಯಾವ ‘ನೋ’ ಗುಂಡಿಯನ್ನೂ ಒತ್ತಿದವರಲ್ಲ.

ಹೋದ ಫೈಲ್ ವಾಪಸ್ ಬರುವುದೇ? ಫೈಲ್ ಕಳೆದುಕೊಂಡವರು ಆ ಕಂಪ್ಯೂಟರನ್ನು ಆದಷ್ಟು ಕಡಿಮೆ ಬಳಸಿ, ನಮಗೆ ಫೋನ್ ಮಾಡಲಿ ಎಂದಿತು ಕಂಪನಿ. ವಾಪಸ್ ಬಂದೇ ಬರುತ್ತದೆ ಎಂಬ ಖಾತರಿ ಕೊಡಲಿಲ್ಲ. ಕಾರಣ ಡಿಸ್ಕಿನಲ್ಲಿದೆ. ವಿಂಡೋಸ್ ಫೈಲನ್ನು ಅಳಿಸಿದಾಗ ಒಳಗಿನ ಮಾಹಿತಿಯನ್ನು ಉಜ್ಜಿ ತೆಗೆಯುವುದಿಲ್ಲ. ಫೈಲ್‌ಗಳ ಪಟ್ಟಿಯಲ್ಲಿ ಆ ನಮೂದು ಬಳಕೆಯಲ್ಲಿಲ್ಲ ಎಂದು ಗುರುತು ಹಾಕಿ, ಜಾಗವನ್ನು ಬಿಡುವು ಎಂದು ಬರೆದುಕೊಳ್ಳುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಆ ಜಾಗದ ಮೇಲೆ ಬೇರೆಯದು ಬರೆಯುವವರೆಗೂ ಫೈಲ್ ಸಿಗುವ ಆಸೆ ಇಟ್ಟುಕೊಳ್ಳಬಹುದು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಈ ಜಾಗ ಬೇಡ ಎಂದು ವಿಂಡೋಸ್ ‘ಟ್ರಿಮ್’ ಆದೇಶ ಕಳಿಸುತ್ತದೆ, ಡ್ರೈವ್ ತನ್ನ ಪಾಡಿಗೆ ಅದನ್ನು ತೊಳೆದಿಡುತ್ತದೆ. 2020ರಲ್ಲಿ ಮೈಕ್ರೋಸಾಫ್ಟ್ ‘ವಿಂಡೋಸ್ ಫೈಲ್ ರಿಕವರಿ’ ಎಂಬ ಉಚಿತ ಸಾಧನ ಹೊರತಂದಿತು. ಫೈಲ್ ಕಳೆದ ಡ್ರೈವ್ ಬೇರೆ, ಸಿಕ್ಕಿದ್ದನ್ನು ಬರೆಯುವ ಡ್ರೈವ್ ಬೇರೆ ಇರಲೇಬೇಕೆಂಬ ಅದರ ಷರತ್ತಿಗೂ, ಬಿಡುವಾದ ಜಾಗದ ಮೇಲೆ ಬೇರೆಯದು ಬರೆದುಬಿಡುವ ಈ ಭಯವೇ ಕಾರಣ.

2020ರ ಫೆಬ್ರವರಿಯ ಇನ್ನೊಂದು ಅಪ್‌ಡೇಟ್ ಪ್ರಕರಣವನ್ನು ಇದರ ಪಕ್ಕ ಇಡಬೇಕು. ಆಗಲೂ ಕೆಲವರ ಡೆಸ್ಕ್‌ಟಾಪ್ ಬರಿದಾಯಿತು. ಆದರೆ ವಿಂಡೋಸ್ ಅವರನ್ನು ತಾತ್ಕಾಲಿಕ ಪ್ರೊಫೈಲ್‌ಗೆ ಲಾಗಿನ್ ಮಾಡಿಸಿತ್ತು, ಅಷ್ಟೇ. ನಿಜವಾದ ಪ್ರೊಫೈಲ್, ಹೆಸರಿನ ಕೊನೆಗೆ ‘.000’ ಅಥವಾ ‘.ಬಿಎಕೆ’ ಅಂಟಿಸಿಕೊಂಡು, ಯೂಸರ್ಸ್ ಫೋಲ್ಡರ್‌ನಲ್ಲೇ ಇತ್ತು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಅಪ್‌ಡೇಟ್ ಆದಮೇಲೆ ಫೈಲ್ ಕಾಣದಿದ್ದವರು ರಿಕವರಿ ಸಾಧನ ಹುಡುಕುವ ಮುನ್ನ ಯೂಸರ್ಸ್ ಫೋಲ್ಡರ್ ತೆರೆದು ನೋಡಬೇಕು.

ದಾಖಲೆಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಹಳೆಯ ದೂರುಗಳು. ಬಿಡುಗಡೆಗೆ ತಿಂಗಳುಗಳ ಮೊದಲೇ, ಪ್ರಾಯೋಗಿಕ ಆವೃತ್ತಿ ಬಳಸುತ್ತಿದ್ದ ‘ಇನ್‌ಸೈಡರ್’ಗಳು ಫೈಲ್ ಹೋಯಿತೆಂದು ‘ಫೀಡ್‌ಬ್ಯಾಕ್ ಹಬ್’ನಲ್ಲಿ ಬರೆದಿದ್ದರು. ಅಲ್ಲಿ ದೂರು ಮೇಲೇರುವುದು ಅದಕ್ಕೆ ಬಿದ್ದ ಮತಗಳಿಂದ. ಹತ್ತು ಸಾವಿರಕ್ಕೊಬ್ಬರಿಗೆ ಬರುವ ಕಷ್ಟಕ್ಕೆ ಮತ ಹಾಕುವವರು ಎಲ್ಲಿಂದ ಬರಬೇಕು? ಖಾಲಿ ಫೋಲ್ಡರ್ ಕಣ್ಣಿಗೆ ಚುಚ್ಚುತ್ತದೆ ಎಂಬ ಕಿರಿಕಿರಿಗೆ ಮದ್ದು ಬಂತು. ವರ್ಷಗಳ ಕೆಲಸ ಅಳಿಸಿಹೋಯಿತು ಎಂಬ ದೂರು ಪಟ್ಟಿಯ ತಳದಲ್ಲಿ ಉಳಿಯಿತು. ಸಾಲದ್ದಕ್ಕೆ, ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷಾ ಹಂತವಾದ ‘ರಿಲೀಸ್ ಪ್ರಿವ್ಯೂ’ವನ್ನೂ ಈ ಆವೃತ್ತಿ ಹಾಯ್ದು ಬಂದಿರಲಿಲ್ಲ.

ನವೆಂಬರ್ 13ರಂದು 1809 ಮತ್ತೆ ಬಿಡುಗಡೆಯಾಯಿತು. ಕೋಡ್ ತಿದ್ದಿದ್ದರು. ಅದಕ್ಕಿಂತ ಮುಖ್ಯವಾಗಿ, ಫೀಡ್‌ಬ್ಯಾಕ್ ಹಬ್‌ನಲ್ಲಿ ದೂರು ಕೊಡುವವರು ತಮಗಾದ ತೊಂದರೆಯ ತೀವ್ರತೆ ಎಷ್ಟೆಂದು ಹೇಳಲು ಅವಕಾಶ ಸೇರಿಸಿದ್ದರು. ಎಷ್ಟು ಜನ ಎಂಬ ಲೆಕ್ಕದ ಜೊತೆಗೆ ಎಷ್ಟು ನಷ್ಟ ಎಂಬುದನ್ನೂ ಕೇಳಬೇಕೆಂದು ಅವರಿಗೆ ಕಲಿಸಿದ್ದು ಆ ಶೇಕಡಾ 0.01.