ಒಡಲು ಬೆಂಗಳೂರಿನದು, ಎಂಜಿನ್ ಎಲ್ಲಿಯದು?



ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳನ್ನು ನೀವು ಕಂಡಿದ್ದೀರಿ. ಟ್ರೇಲರ್ ಎಷ್ಟೇ ಗಟ್ಟಿಯಾಗಿರಲಿ, ಎಂಜಿನ್ನಿಗೆ ಬಲ ಸಾಲದಿದ್ದರೆ ಏರು ಹತ್ತಲಾರದು. ಯುದ್ಧವಿಮಾನಕ್ಕೂ ಇದೇ ನಿಯಮ. ಜರ್ಮನಿಯ ಒಂದು ವಿಮಾನ ಮತ್ತು ಬೆಂಗಳೂರಿನ ಒಂದು ವಿಮಾನ ಇದಕ್ಕೆ ಸಾಕ್ಷಿ.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರ ವರ್ಸೇಲ್ಸ್ ಒಪ್ಪಂದವು ವಾಯುಪಡೆಯನ್ನೇ ನಿಷೇಧಿಸಿತ್ತು. ಆ ಕಟ್ಟು ಮೀರಿ ಸಿದ್ಧವಾದ ವಿಮಾನಗಳಲ್ಲಿ ಹೈಂಕೆಲ್ 51 ಒಂದು. ಒಂದರ ಮೇಲೊಂದು ರೆಕ್ಕೆ, ನಡುವೆ ಕಂಬ ಮತ್ತು ತಂತಿ, 750 ಅಶ್ವಶಕ್ತಿಯ ಎಂಜಿನ್, ಗಂಟೆಗೆ ಸುಮಾರು 330 ಕಿ.ಮೀ. ವೇಗ. 1933ರಲ್ಲಿ ಮೊದಲು ಹಾರಿದ ಅದು 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಇಳಿಯಿತು. ಅಲ್ಲಿ ಎದುರಾದ ಸೋವಿಯತ್ ಐ-16 ವಿಮಾನಕ್ಕೆ ರೆಕ್ಕೆ ಒಂದೇ ಅಂತಸ್ತಿನದು. ಗಾಳಿಯ ತಡೆ ಕಡಿಮೆ, ವೇಗ ಬಹಳ ಹೆಚ್ಚು. ಆಕಾಶದಲ್ಲಿ ಸೆಣಸಲಾರದ ಹೈಂಕೆಲ್, ನೆಲದ ಮೇಲಿನ ಗುರಿಗಳಿಗೆ ಗುಂಡು ಸುರಿಸುವ ಕೆಲಸಕ್ಕೆ ಬಂತು. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಜನರ ಮೇಲೆ ನಡೆದ ಘೋರ ದಾಳಿಯಲ್ಲಿಯೂ ಅದು ಪಾಲ್ಗೊಂಡಿತ್ತು.

ಅದೇ ಕಾಲದಲ್ಲಿ ಜರ್ಮನಿಯಲ್ಲಿ ಬೆಳೆದ ಎಂಜಿನಿಯರ್ ಕುರ್ಟ್ ಟ್ಯಾಂಕ್. 1931ರಲ್ಲಿ ಫಾಕ್-ವುಲ್ಫ್ ಸಂಸ್ಥೆಯನ್ನು ಸೇರಿದ ಅವರು, ಎರಡಂತಸ್ತಿನ ರೆಕ್ಕೆಯ ತರಬೇತಿ ವಿಮಾನವೊಂದನ್ನು ತಿದ್ದಿ ರೂಪಿಸುವುದರಲ್ಲಿಯೂ ಕೈಜೋಡಿಸಿದರು. ಎರಡನೆಯ ಮಹಾಯುದ್ಧದ ಪ್ರಸಿದ್ಧ ಫಾಕ್-ವುಲ್ಫ್ 190 ಅವರ ವಿನ್ಯಾಸವೇ. ಯುದ್ಧಾನಂತರ ಅರ್ಜೆಂಟೀನಕ್ಕೆ ಹೋದ ಟ್ಯಾಂಕ್, 1956ರಲ್ಲಿ ಭಾರತ ಸರ್ಕಾರದ ಕರೆಯ ಮೇರೆಗೆ ತಮ್ಮ ಸಂಗಡಿಗರೊಡನೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು.

ಅಲ್ಲಿ ನಮ್ಮವರ ವಿನ್ಯಾಸ ಪರಂಪರೆ ಆಗಲೇ ಮೊಳೆತಿತ್ತು. ನಿಪ್ಪಾಣಿಗೆ ನೆರೆಯ ಕೊಲ್ಲಾಪುರ ಜಿಲ್ಲೆಯವರಾದ ಡಾ. ವಿ. ಎಂ. ಘಾಟಗೆ, ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟಲ್ ಎಂಬ ಮಹಾನ್ ವಿಜ್ಞಾನಿಯ ಶಿಷ್ಯರಾಗಿದ್ದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಹಾರಿತು. ಗಮನಿಸಿ, ಅದರ ಎಂಜಿನ್ ಬ್ರಿಟನ್ನಿನದು.

ಭಾರತೀಯ ಎಂಜಿನಿಯರುಗಳೊಡನೆ ಟ್ಯಾಂಕ್ ರೂಪಿಸಿದ ಎಚ್.ಎಫ್.-24, ಅಂದರೆ ‘ಮಾರುತ’, 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಕೈಯಲ್ಲಿ ಬಾನಿಗೇರಿತು. ಶಬ್ದದ ಎರಡರಷ್ಟು ವೇಗ ಅದರ ಗುರಿ. ಅದಕ್ಕೆಂದು ಆರಿಸಿದ್ದ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ನಿನ ನೂಕುಬಲ ಸುಮಾರು 3,700 ಕಿಲೋ. ಅದರ ಅಭಿವೃದ್ಧಿಯೇ ನಡುವೆ ನಿಂತಿತು. ಖರ್ಚು ಹೊರಲು ಭಾರತ ಒಪ್ಪಲಿಲ್ಲ. ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703 ಎಂಜಿನ್ನುಗಳೆರಡನ್ನು ಕೂಡಿಸಬೇಕಾಯಿತು. ಈಜಿಪ್ಟಿನ ಎಂಜಿನ್ನಿನ ಪ್ರಯೋಗವೂ ಕೈಗೂಡಲಿಲ್ಲ. ಇದ್ದ ಎಂಜಿನ್ನಿನ ಹಿಂಬದಿಯಲ್ಲೇ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸಿದ ಮಾದರಿಯನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ತೆತ್ತರು.

ಹೀಗೆ ಗುರಿಯ ವೇಗವನ್ನು ಮುಟ್ಟಲಾಗದ ಮಾರುತವೂ ಹೈಂಕೆಲ್‌ನಂತೆ ನೆಲದ ಗುರಿಗಳ ಮೇಲಿನ ದಾಳಿಗೆ ನಿಯುಕ್ತವಾಯಿತು. ಆದರೆ ಅದರ ಒಡಲು ಉತ್ತಮವಾಗಿತ್ತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದ ಮಾರುತಗಳು ವಾಯುಕಾಳಗದಲ್ಲಿ ಒಂದೂ ನಷ್ಟವಾಗಲಿಲ್ಲ. ಒಂದು ಎಂಜಿನ್ ಕೆಟ್ಟಾಗ ಇನ್ನೊಂದರ ಬಲದಿಂದಲೇ ಮರಳಿದ್ದುಂಟು. ಒಟ್ಟು 147 ಮಾರುತಗಳು ತಯಾರಾದವು. 1990ರಲ್ಲಿ ಅವು ನಿವೃತ್ತವಾದವು.

ಪ್ರಶ್ನೆ ಮಾತ್ರ ನಿವೃತ್ತವಾಗಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಇಂದಿಗೂ ಅಮೆರಿಕದ ಎಂಜಿನ್ನಿನಿಂದಲೇ ಹಾರುತ್ತಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಅಲ್ಲಿ ಇರಿಸಿರುವ ಮಾರುತವನ್ನು ನೋಡಿ. ಅದರ ಚೂಪು ಮೂತಿಯನ್ನು, ಬಾಗಿದ ರೆಕ್ಕೆಯನ್ನು ಮೆಚ್ಚಿರಿ. ಅನಂತರ ಹಿಂಬದಿಗೆ ಹೋಗಿ ಎಂಜಿನ್ನಿನ ಎರಡು ಬಾಯಿಗಳನ್ನೂ ನೋಡಿರಿ. ಆ ಜಾಗವನ್ನು ತುಂಬಬೇಕಾದ ಲೋಹವಿಜ್ಞಾನ, ಉಷ್ಣವಿಜ್ಞಾನಗಳ ಪಾಠ ನಿಮ್ಮ ಪುಸ್ತಕದಲ್ಲಿಯೇ ಆರಂಭವಾಗುತ್ತದೆ.