ಹೂವಿನ ಗುಟ್ಟು ಕಂಡ ಶಾಲಾಮಾಸ್ತರ

ಹೂವಿಗೆ ಬಣ್ಣವೇಕೆ, ಕಂಪೇಕೆ, ಒಡಲಲ್ಲಿ ಮಕರಂದವೇಕೆ? ಕೇಳಿದರೆ ಕವಿ ಒಂದು ಮಾತು ಹೇಳಿಯಾನು, ಭಕ್ತ ಇನ್ನೊಂದು. ಇನ್ನೂರು ವರ್ಷಗಳ ಹಿಂದೆ ಯೂರೋಪಿನ ಪಂಡಿತರಲ್ಲಿಯೂ ಬಹುಮಂದಿಗೆ ಇದು ಕೇಳಬೇಕಾದ ಪ್ರಶ್ನೆಯೆಂದೇ ತೋರಿರಲಿಲ್ಲ. ಗಂಡು ಹೆಣ್ಣು ಅಂಗಗಳೆರಡೂ ಒಂದೇ ಹೂವಿನಲ್ಲಿದ್ದ ಮೇಲೆ ಪರಾಗವು ಪಕ್ಕದಲ್ಲಿಯೇ ಉದುರಿ ಕಾಯಿ ಕಟ್ಟುತ್ತದೆಂದು ಅವರು ಬಗೆದಿದ್ದರು. ಕೀಟಗಳ ನೆರವಿನ ಮಾತನ್ನು ಕೋಲ್‌ರಾಯ್ಟರ್ ಎಂಬ ಜರ್ಮನ್ ವಿಜ್ಞಾನಿ 1761ರಲ್ಲಿಯೇ ಎತ್ತಿದ್ದನು, ಕಿವಿಗೊಟ್ಟವರು ಕಡಮೆ. ಉಳಿದವರ ಪಾಲಿಗೆ ದುಂಬಿಯು ಜೇನು ಕದಿಯಲು ಬಂದ ಕಳ್ಳ.

ಈ ಕಳ್ಳನ ಪರವಾಗಿ ಸಾಕ್ಷಿ ನುಡಿದವನು ಒಬ್ಬ ಶಾಲಾಮಾಸ್ತರ. ಕ್ರಿಸ್ಟಿಯನ್ ಕೊನ್ರಾಡ್ ಸ್ಪ್ರೆಂಗೆಲ್ ಎಂದು ಆತನ ಹೆಸರು. 1750ರಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, 1780ರಲ್ಲಿ ಬರ್ಲಿನ್ನಿನ ಬಳಿಯ ಸ್ಪಾಂಡೌ ಊರಿನ ಶಾಲೆಗೆ ಮುಖ್ಯೋಪಾಧ್ಯಾಯನಾದನು. ವೈದ್ಯಮಿತ್ರನೊಬ್ಬನ ಮಾತಿನಂತೆ ಗಿಡಮರಗಳ ಹುಚ್ಚು ಹಿಡಿಸಿಕೊಂಡನು.

1787ರ ಬೇಸಗೆ. ಕಾಡು ಜೆರೇನಿಯಂ ಹೂವಿನ ಎಸಳಿನ ಬುಡದಲ್ಲಿ ನವಿರಾದ ರೋಮಗಳಿರುವುದು ಆತನ ಕಣ್ಣಿಗೆ ಬಿತ್ತು. ಸೃಷ್ಟಿಕರ್ತನು ಒಂದು ರೋಮವನ್ನೂ ವೃಥಾ ಇಟ್ಟಿರಲಾರನೆಂಬುದು ಆತನ ನಂಬಿಕೆ. ಹಾಗಾದರೆ ಇವು ಏಕೆ? ಹುಬ್ಬು ಬೆವರನ್ನು ತಡೆಯುವ ಹಾಗೆ, ಮಳೆಹನಿ ಮಕರಂದದಲ್ಲಿ ಬೆರೆಯದಂತೆ ಇವು ತಡೆಯುತ್ತವೆ ಎಂದು ಹೊಳೆಯಿತು. ಮಕರಂದವಾದರೋ ಕೀಟಕ್ಕಾಗಿ. ಮರುವರ್ಷ ಪುಟ್ಟ ನೀಲಿ ಹೂವೊಂದರ ಬಾಯಿಯ ಸುತ್ತ ಹಳದಿ ಬಳೆ ಕಂಡನು. ಅದು ಜೇನಿಗೆ ದಾರಿ ತೋರುವ ಗುರುತು ಎಂದನು.

ದೊಡ್ಡ ಮಾತು ಹೊಳೆದದ್ದು 1790ರಲ್ಲಿ. ಎಪಿಲೋಬಿಯಂ ಎಂಬ ಗಿಡದ ಹೂವಿನಲ್ಲಿ ಮೊದಲು ಕೇಸರಗಳು ಬಲಿತು ಪರಾಗ ಸುರಿಸುತ್ತವೆ. ಆಗ ಹೆಣ್ಣಂಗದ ತುದಿ ಇನ್ನೂ ಮುಚ್ಚಿರುತ್ತದೆ. ಕೇಸರ ಬಾಡಿದ ಮೇಲೆಯೇ ಅದು ನಾಲ್ಕಾಗಿ ಬಿರಿಯುವುದು. ಒಂದೇ ಮನೆಯಲ್ಲಿದ್ದೂ ಭೇಟಿಯಿಲ್ಲ! ದುಂಬಿಯು ಬೇರೆ ಹೂವಿನ ಪರಾಗವನ್ನು ಮೈಗಂಟಿಸಿಕೊಂಡು ಬಂದರೆ ಮಾತ್ರ ಕಾಯಿ. ಯಾವ ಹೂವೂ ತನ್ನ ಪರಾಗದಿಂದಲೇ ಫಲಿಸುವುದನ್ನು ಪ್ರಕೃತಿ ಒಪ್ಪದಂತಿದೆ ಎಂದು ಆತನು ತೀರ್ಮಾನಿಸಿದನು.

461 ಜಾತಿಯ ಗಿಡಗಳನ್ನು ಪರೀಕ್ಷಿಸಿ, 25 ಚಿತ್ರಫಲಕಗಳೊಡನೆ 1793ರಲ್ಲಿ ಆತನು ಪುಸ್ತಕ ಪ್ರಕಟಿಸಿದನು. ಲೋಕ ಅದನ್ನು ಮೂಲೆಗೆ ತಳ್ಳಿತು. ಎರಡನೆಯ ಸಂಪುಟ ಹೊರಬರಲೇ ಇಲ್ಲ. 1794ರಲ್ಲಿ ಶಾಲೆಯ ಕೆಲಸವೂ ಹೋಯಿತು. ಬರ್ಲಿನ್ನಿನಲ್ಲಿ ಚಿಕ್ಕ ನಿವೃತ್ತಿವೇತನದಲ್ಲಿ ಬಾಳಿ 1816ರಲ್ಲಿ ತೀರಿಕೊಂಡನು. ಆತನ ಭಾವಚಿತ್ರವೊಂದೂ ಉಳಿದಿಲ್ಲ.

ಆದರೆ ಪುಸ್ತಕ ಸಾಯಲಿಲ್ಲ. 1841ರ ನವೆಂಬರಿನಲ್ಲಿ ರಾಬರ್ಟ್ ಬ್ರೌನನ ಸಲಹೆಯಂತೆ ಇಂಗ್ಲೆಂಡಿನಲ್ಲಿ ಒಬ್ಬನು ಅದನ್ನು ಕೊಂಡು ಓದಿದನು. ಆತನೇ ಚಾರ್ಲ್ಸ್ ಡಾರ್ವಿನ್. ಸ್ಪ್ರೆಂಗೆಲ್ ಬಿಟ್ಟುಹೋಗಿದ್ದ ಒಂದು ಪ್ರಶ್ನೆ ಡಾರ್ವಿನನನ್ನು ಕಾಡಿತು: ಪ್ರಕೃತಿ ಒಪ್ಪದು, ಸರಿ; ಏಕೆ ಒಪ್ಪದು? ಆತನು ಗಿಡಗಳಿಗೆ ಬಲೆ ಹೊದಿಸಿ ಕೀಟಗಳನ್ನು ದೂರವಿಟ್ಟು, ಸ್ವಂತ ಪರಾಗದ ಸಂತತಿಯನ್ನೂ ಪರಪರಾಗದ ಸಂತತಿಯನ್ನೂ ಜೊತೆಜೊತೆಯಾಗಿ ವರ್ಷಗಟ್ಟಲೆ ಬೆಳೆಸಿದನು. ಐಪೋಮಿಯ ಬಳ್ಳಿಯಲ್ಲಿ ಹತ್ತು ತಲೆಮಾರುಗಳ ಸರಾಸರಿ ಎತ್ತರ ಅಳೆದಾಗ, ಪರಪರಾಗದ ಮಕ್ಕಳು 100 ಇದ್ದರೆ ಸ್ವಪರಾಗದವು 77. ಬೇರೆ ಹೂವಿನ ಪರಾಗ ಬಲವಾದ ಸಂತಾನ ಕೊಡುತ್ತದೆ! 1876ರಲ್ಲಿ ಈ ಉತ್ತರ ಅಚ್ಚಾಯಿತು. ತನ್ನಿಂದಲೇ ಫಲಿಸುವ ಹೂಗಳೂ ಉಂಟೆಂದು ಇಂದು ನಾವು ಬಲ್ಲೆವು; ಆದರೂ ಮಾಸ್ತರನ ಮಾತಿನ ತಿರುಳು ಉಳಿದಿದೆ.

ಇಲ್ಲಿಯೇ ಒಂದು ವಿಚಿತ್ರ. ರೋಮಕ್ಕೂ ಅರ್ಥವುಂಟೆಂದು ಸ್ಪ್ರೆಂಗೆಲ್ ಹುಡುಕಿದ್ದು ಸೃಷ್ಟಿಕರ್ತನ ಮೇಲಿನ ನಂಬಿಕೆಯಿಂದ. ಆತನ ಪ್ರಶ್ನೆಗೆ ಉತ್ತರ ತಂದವನು ಆ ವಿವರಣೆಯ ನೆರವಿಲ್ಲದೆಯೇ ಜೀವಲೋಕವನ್ನು ಅರ್ಥಮಾಡಲು ಹೊರಟವನು. ಇಬ್ಬರಿಗೂ ಸಮಾನವಾಗಿದ್ದದ್ದು ಒಂದೇ: ಬಗ್ಗಿ ನೋಡುವ ತಾಳ್ಮೆ. ಒಬ್ಬನ ಪರಾಗ ಇನ್ನೊಬ್ಬನಲ್ಲಿ ಫಲಿಸಲು ನಲವತ್ತೆಂಟು ವರ್ಷ ಕಪಾಟಿನಲ್ಲಿ ಕಾದಿತ್ತು.