ಹತ್ತು ಸಾವಿರದ ಗೆರೆ: ಜನಗಣತಿಯಲ್ಲಿ ಕೊರಗ ಸಮುದಾಯ ಮತ್ತು ಕೊರಗ ಭಾಷೆ

ದಕ್ಷಿಣ ಕನ್ನಡ, ಉಡುಪಿ ಹಾಗೂ ಕೇರಳದ ಕಾಸರಗೋಡು ಜಿಲ್ಲೆಗಳ ಹಳ್ಳಿಗಳಲ್ಲಿ ಚದುರಿ ನೆಲೆಸಿರುವ ಕೊರಗ ಸಮುದಾಯದ ವಿಷಯದಲ್ಲಿ ಭಾರತದ ಜನಗಣತಿ ಎರಡು ಬಗೆಯಾಗಿ ಉತ್ತರಿಸುತ್ತದೆ. ಜನರೆಷ್ಟು ಎಂದು ಕೇಳಿದರೆ ಸಂಖ್ಯೆ ದೊರೆಯುತ್ತದೆ. ಅವರ ಭಾಷೆಯನ್ನು ಆಡುವವರೆಷ್ಟು ಎಂದು ಕೇಳಿದರೆ ಕೋಷ್ಟಕದಲ್ಲಿ ಆ ಸಾಲೇ ಇಲ್ಲ. ಈ ಅಂತರ ಹೇಗೆ ಉಂಟಾಯಿತು ಮತ್ತು ಅದನ್ನು ಹೇಗೆ ಓದಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

1961ರ ಜನಗಣತಿ 1,652 ಮಾತೃಭಾಷೆಗಳ ಹೆಸರನ್ನು ಪಟ್ಟಿಮಾಡಿತ್ತು. ಒಬ್ಬರೇ ಹೇಳಿದ್ದ ಹೆಸರುಗಳೂ ಅದರಲ್ಲಿ ಸೇರಿದ್ದವು. 1971ರಿಂದ ಈ ಪದ್ಧತಿ ಬದಲಾಯಿತು. ದೇಶದಾದ್ಯಂತ 10,000ಕ್ಕಿಂತ ಕಡಿಮೆ ಜನ ಹೇಳಿದ ಮಾತೃಭಾಷೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸದೆ ‘ಇತರೆ’ ಎಂಬಲ್ಲಿ ಸೇರಿಸಲಾಯಿತು. ಎಂಟನೆಯ ಅನುಸೂಚಿಯ ಭಾಷೆಗಳಿಗೆ ಈ ಮಿತಿ ಅನ್ವಯಿಸಲಿಲ್ಲ. ಅದೇ 1971ರಲ್ಲಿ ಸಂಸ್ಕೃತವನ್ನು ಮಾತೃಭಾಷೆಯೆಂದು ಹೇಳಿದವರು 2,212 ಮಂದಿ. ಆ ಸಂಖ್ಯೆ ಅಚ್ಚಾಯಿತು. ಅಂದರೆ ಗೆರೆಯನ್ನು ಎಳೆದದ್ದು ಕೇವಲ ಸಂಖ್ಯೆಯಲ್ಲ, ಸಾಂವಿಧಾನಿಕ ಸ್ಥಾನವೂ ಹೌದು.

ಕಾಕತಾಳೀಯವೆಂಬಂತೆ, ಡಿ. ಎನ್. ಶಂಕರ ಭಟ್ಟರ ಕೊರಗ ಭಾಷೆಯ ವ್ಯಾಕರಣವನ್ನು ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ್ದೂ 1971ರಲ್ಲೇ. ಹೊರಗಿನವರೊಡನೆ ತುಳುವನ್ನೋ ಕನ್ನಡವನ್ನೋ ಬಳಸುವ ಈ ಜನರು ತಮ್ಮೊಳಗೆ ಬೇರೊಂದು ದ್ರಾವಿಡ ಭಾಷೆಯನ್ನು ಉಳಿಸಿಕೊಂಡಿರುವುದನ್ನು ಆ ಗ್ರಂಥ ದಾಖಲಿಸಿತು. ಭಾಷೆಯೊಂದು ವಿದ್ವತ್ತಿನ ದಾಖಲೆಯನ್ನು ಪ್ರವೇಶಿಸಿದ ವರ್ಷವೇ ಸಣ್ಣ ಭಾಷೆಗಳು ಜನಗಣತಿಯ ಕೋಷ್ಟಕದಿಂದ ಹೊರಬಿದ್ದವು.

ಜನರ ಎಣಿಕೆ ಮಾತ್ರ ನಿಲ್ಲಲಿಲ್ಲ. ಕೊರಗರು ಪರಿಶಿಷ್ಟ ಪಂಗಡದವರಾದ್ದರಿಂದ ಪಂಗಡವಾರು ಕೋಷ್ಟಕದಲ್ಲಿ ಅವರ ಹೆಸರು ಉಳಿದಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಕಾರಣ ಆ ಲೆಕ್ಕ ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. 2011ರಲ್ಲಿ ಎರಡೂ ರಾಜ್ಯಗಳನ್ನು ಕೂಡಿಸಿದರೆ ಅವರ ಸಂಖ್ಯೆ ಸುಮಾರು 16 ಸಾವಿರ. ಅದೇ ಗಣತಿಯಿಂದ ಪ್ರಕಟವಾದ 121 ಭಾಷೆಗಳಲ್ಲಿ ತುಳುವಿಗೆ 18,46,427, ಕೊಡವ ಭಾಷೆಗೆ 1,13,857 ಎಂಬ ಸಂಖ್ಯೆಗಳಿವೆ. ಕೊರಗ ಭಾಷೆಯ ಹೆಸರಿಲ್ಲ.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. 16 ಸಾವಿರ ಜನರಲ್ಲಿ ಆರು ಸಾವಿರಕ್ಕೆ ತುಸು ಮೇಲ್ಪಟ್ಟು ಜನ ‘ತುಳು’ ಎಂದು ಉತ್ತರಿಸಿದರೆ ಸಾಕು, ಉಳಿದವರೆಲ್ಲರೂ ‘ಕೊರಗ’ ಎಂದಿದ್ದರೂ ಆ ಉತ್ತರ ಪ್ರಕಟವಾಗದು. ಗಣತಿಯ ಸೂಚನೆಯಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ವ್ಯಕ್ತಿಯೊಡನೆ ಆಡಿದ ಭಾಷೆ. ಆದರೆ ಗಣತಿದಾರ ಹೊರಗಿನವನು. ಅವನೊಡನೆ ಮಾತು ನಡೆಯುವುದು ತುಳುವಿನಲ್ಲಿ ಅಥವಾ ಕನ್ನಡದಲ್ಲಿ. ಅಸ್ಪೃಶ್ಯತೆಯನ್ನೂ ಅಜಲು ಪದ್ಧತಿಯ ಅವಮಾನವನ್ನೂ ಉಂಡ ಸಮುದಾಯಕ್ಕೆ ತನ್ನ ಹೆಸರನ್ನೇ ಹೊತ್ತ ಭಾಷೆಯನ್ನು ಅಪರಿಚಿತನೆದುರು ಹೇಳುವುದು ಸುಲಭದ ಉತ್ತರವೆಂದು ಭಾವಿಸಲಾಗದು. ಅಜಲನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದೇ 2000ದಲ್ಲಿ.

ಆದ್ದರಿಂದ ಕೋಷ್ಟಕದಲ್ಲಿ ಸಾಲಿಲ್ಲದಿರುವುದನ್ನು ಸೊನ್ನೆ ಎಂದು ಓದುವುದು ತಪ್ಪು. ಪಂಗಡದ ಸಂಖ್ಯೆಯನ್ನೇ ಮಾತುಗಾರರ ಸಂಖ್ಯೆ ಎಂದು ಓದುವುದೂ ಅಷ್ಟೇ ತಪ್ಪು. ಮೊದಲನೆಯದು ಭಾಷೆಯನ್ನು ಅಳಿಸುತ್ತದೆ, ಎರಡನೆಯದು ಅದರ ಅಪಾಯವನ್ನು ಮರೆಮಾಚುತ್ತದೆ. ಅಳಿವಿನಂಚಿನ ಭಾಷೆಗಳ ರಕ್ಷಣೆಗಾಗಿ 2013ರಲ್ಲಿ ಆರಂಭವಾಗಿ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನದ ಮೂಲಕ ನಡೆಯುತ್ತಿರುವ ಯೋಜನೆ, 10,000ಕ್ಕಿಂತ ಕಡಿಮೆ ಮಾತುಗಾರರಿರುವ ಭಾಷೆಗಳನ್ನೇ ಉದ್ದೇಶಿಸಿದೆ. ಮರೆಮಾಡಿದ ಗೆರೆಯೇ ಈಗ ನೆರವಿನ ಗೆರೆಯೂ ಆಗಿದೆ. ಗೆರೆಯ ಕೆಳಗೆ ಯಾರಿದ್ದಾರೆ ಎಂಬುದನ್ನು ಅಚ್ಚಾದ ಕೋಷ್ಟಕ ಹೇಳುವುದಿಲ್ಲ. ಆ ಲೆಕ್ಕ ಮನೆಮನೆಯ ಕ್ಷೇತ್ರಕಾರ್ಯದಿಂದಲೇ, ಸಮುದಾಯದ ಭಾಷೆಯಲ್ಲೇ ಕೇಳುವ ಪ್ರಶ್ನೆಯಿಂದಲೇ ಬರಬೇಕಾಗಿದೆ.